ಕುರಿಗಾಹಿಯೊಬ್ಬರ ಸ್ಯಾಕ್ರೊಇಲಿಯಾಕ್ ಕೀಲಿನ ಸೋಂಕು ಮತ್ತು ಚಿಕಿತ್ಸೆಯ ತೊಡಕುಗಳು: ಒಂದು ಪ್ರಕರಣ ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ 34 ವರ್ಷದ ಕುರಿಗಾಹಿಯೊಬ್ಬರನ್ನು ಬಲ ಪಿರ್ರೆಯ ತೀವ್ರ ನೋವು, ಸಂಜೆಗೆ ಏರುವ ಜ್ವರ ಮತ್ತು ಬಲಗಾಲಿನ ಮೇಲೆ ಭಾರ ಹಾಕಲಾಗದ ಸ್ಥಿತಿಯಲ್ಲಿ ಅವರ ತಾಯಿ ಹಾಗೂ ತಮ್ಮ ನಮ್ಮ ವಿಭಾಗಕ್ಕೆ ಕರೆತಂದರು. ತಮ್ಮನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಏಳು ತಿಂಗಳ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು ಮತ್ತು ಎರಡು ಎಂಆರ್‌ಐ ಫಿಲ್ಮುಗಳಿದ್ದವು. ಆ ಕಾಗದಗಳಲ್ಲಿ ಒಂದೇ ನೋವಿಗೆ ನಾಲ್ಕು ಹೆಸರುಗಳಿದ್ದವು: ಉಳುಕು, ಡಿಸ್ಕ್ ತೊಂದರೆ, ಟೈಫಾಯಿಡ್, ಸ್ಪಾಂಡಿಲೊಆರ್ಥ್ರೈಟಿಸ್ (ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳ ಸಂಧಿವಾತ). ರೋಗಿಯ ಗುರುತು ಹತ್ತದಂತೆ ಊರಿನ ಹೆಸರನ್ನೂ ಕುಟುಂಬದ ವಿವರಗಳನ್ನೂ ಇಲ್ಲಿ ಕೈಬಿಟ್ಟಿದೆ.

ಏಳು ತಿಂಗಳ ಹಾದಿ

ಕುರಿಗಳು ಮರಿಹಾಕುವ ಕಾಲ ಮುಗಿದ ಕೆಲವೇ ವಾರಗಳಲ್ಲಿ ನೋವು ಶುರುವಾಗಿತ್ತು. ಕುರಿ ಎತ್ತುವಾಗ ಸೊಂಟ ಉಳುಕಿರಬೇಕೆಂದು ಮನೆಯವರು ತಿಳಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅಂಥವರೊಬ್ಬರಿಂದ ಒದೆಸಿಕೊಂಡದ್ದೂ ಆಯಿತು. ನೋವು ಬಿಡದಿದ್ದಾಗ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಗಳು ಬಂದವು, ಮತ್ತು ಆ ಮಾತ್ರೆಗಳು ಮುಂದೆ ಈ ಕಥೆಯಿಂದ ಎಲ್ಲಿಯೂ ಪೂರ್ತಿಯಾಗಿ ಹೊರಗೆ ಹೋಗಲಿಲ್ಲ.

ಎರಡನೇ ತಿಂಗಳಲ್ಲಿ ನೋವು ತೊಡೆಯ ಹಿಂಭಾಗದವರೆಗೆ ಇಳಿಯತೊಡಗಿದ್ದರಿಂದ ಸೊಂಟದ ಬೆನ್ನುಮೂಳೆಯ ಎಂಆರ್‌ಐ ಮಾಡಿಸಲಾಯಿತು. ನಾಲ್ಕನೇ ಮತ್ತು ಐದನೇ ಸೊಂಟದ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆಯೆಂದು ವರದಿ ಬಂತು. ಮೂವತ್ತು ದಾಟಿದ, ಭಾರ ಹೊರುವ ಯಾರ ಬೆನ್ನನ್ನು ಎಂಆರ್‌ಐ ಯಂತ್ರದೊಳಗೆ ಇಟ್ಟರೂ ಇಂಥ ಉಬ್ಬು ಕಾಣಬಹುದು; ಅದು ನೋವಿಗೆ ಕಾರಣವೆಂದು ಹೇಳಲು ಕಾಲಿನ ಶಕ್ತಿ, ಸ್ಪರ್ಶ ಮತ್ತು ಪ್ರತಿವರ್ತನೆಗಳಲ್ಲಿ ಹೊಂದುವ ಬದಲಾವಣೆ ಇರಬೇಕು. ಇವರಲ್ಲಿ ಅವು ಇರಲಿಲ್ಲ. ಬೆನ್ನುಮೂಳೆಗೆಂದು ತೆಗೆಯುವ ಸಾಮಾನ್ಯ ಎಂಆರ್‌ಐನಲ್ಲಿ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಕೂಡುವ ಸ್ಯಾಕ್ರೊಇಲಿಯಾಕ್ ಕೀಲುಗಳು ಬಹಳ ಸಲ ಚೌಕಟ್ಟಿನ ಹೊರಗೇ ಉಳಿಯುತ್ತವೆ ಎಂಬುದನ್ನೂ ಗಮನಿಸಬೇಕು.

ಮೂರನೇ ತಿಂಗಳು ಜ್ವರ ಕಾಣಿಸಿಕೊಂಡಿತು. ವೈಡಾಲ್ ಎಂಬ ರಕ್ತಪರೀಕ್ಷೆಯ ಆಧಾರದ ಮೇಲೆ ಟೈಫಾಯಿಡ್ ಎಂದು ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ ಚುಚ್ಚುಮದ್ದು ಕೊಡಲಾಯಿತು, ಜ್ವರ ಇಳಿಯಿತು, ಮೂರು ವಾರದಲ್ಲಿ ಮರಳಿತು, ಮತ್ತೊಮ್ಮೆ ಅದೇ ಚಿಕಿತ್ಸೆ ನಡೆಯಿತು. ವೈಡಾಲ್ ಪರೀಕ್ಷೆಯನ್ನು ಒಂಟಿಯಾಗಿ ನಂಬಿ ಟೈಫಾಯಿಡ್ ಎಂದು ಬರೆಯುವ ರೂಢಿಯ ಬಗ್ಗೆ ನನಗೆ ಗೌರವವಿಲ್ಲ. ಬ್ಯಾಕ್ಟೀರಿಯಾದ ನಿಜವಾದ ಹೆಸರು ತಿಳಿಯಬೇಕಾದರೆ ಆಂಟಿಬಯಾಟಿಕ್ ಆರಂಭಿಸುವ ಮೊದಲು ರಕ್ತವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳುಹಿಸಬೇಕಿತ್ತು, ಮತ್ತು ಈ ರೋಗಿಯ ಏಳು ತಿಂಗಳಲ್ಲಿ ಅತಿ ಸುಲಭವಾಗಿ ದಾರಿ ಸರಿಯಾಗಬಹುದಾಗಿದ್ದ ತಿರುವು ಅದೇ ಆಗಿತ್ತು.

ಐದನೇ ತಿಂಗಳು ನೋಡಿದ ತಜ್ಞರು ನೋವಿನ ನೆಲೆಯನ್ನು ಸರಿಯಾಗಿಯೇ ಗುರುತಿಸಿದರು. ಅವರು ಮಾಡಿಸಿದ ಎರಡನೇ ಎಂಆರ್‌ಐನಲ್ಲಿ ಬಲಭಾಗದ ಸ್ಯಾಕ್ರೊಇಲಿಯಾಕ್ ಕೀಲಿನ ಎರಡೂ ಬದಿಯ ಮೂಳೆಮಜ್ಜೆಯಲ್ಲಿ ಊತ ಕಂಡಿತು, ಎಡಭಾಗ ಸ್ವಚ್ಛವಾಗಿತ್ತು. ವಯಸ್ಸು 45ಕ್ಕಿಂತ ಕಡಿಮೆ, ಮೂರು ತಿಂಗಳಿಗೂ ಮಿಗಿಲಾದ ನೋವು, ಬೆಳಗಿನ ಜಾವದ ಬಿಗಿತ, ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಏರಿಕೆ, ಅದರ ಮೇಲೆ ಈ ಸಂಧಿವಾತಕ್ಕೆ ನಂಟಿರುವ ಆನುವಂಶಿಕ ಗುರುತಾದ ಎಚ್‌ಎಲ್‌ಎ-ಬಿ27 ಪಾಸಿಟಿವ್. ಕಾಗದದ ಮೇಲೆ ಸ್ಪಾಂಡಿಲೊಆರ್ಥ್ರೈಟಿಸ್‌ನ ಮಾನದಂಡಗಳೆಲ್ಲ ಕೂಡಿಬಂದವು. ಪೂರ್ಣ ಪ್ರಮಾಣದ ನೋವುನಿವಾರಕಕ್ಕೆ ಫಲ ಕಾಣದಿದ್ದಾಗ ಕೀಲಿನೊಳಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 40 ಮಿಲಿಗ್ರಾಂ ಅನ್ನು ಮರಗಟ್ಟಿಸುವ ಔಷಧ ಬುಪಿವಕೇನ್ ಜೊತೆ ಕೊಡಲಾಯಿತು. ಅದೂ ಸಾಲದಿದ್ದರೆ, ಉರಿಯೂತ ಹುಟ್ಟಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಜೈವಿಕ ಔಷಧ ಆರಂಭಿಸಬೇಕೆಂದು ಚೀಟಿಯಲ್ಲಿ ಬರೆದಿತ್ತು.

ಚುಚ್ಚುಮದ್ದು ಮತ್ತು ಅದರ ನಂತರದ ಮೂರು ವಾರ

ಮುಂದಿನದನ್ನು ಅರ್ಥಮಾಡಿಕೊಳ್ಳಲು ಈ ಕೀಲಿನ ರಚನೆಯ ಬಗ್ಗೆ ಎರಡು ಮಾತು ಬೇಕು. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯೂ ಸೊಂಟದ ಅಗಲವಾದ ಇಲಿಯಂ ಮೂಳೆಯೂ ಕೂಡುವ ಜಾಗವಿದು. ಮೇಲಿನ ಮೈಯ ಭಾರವೆಲ್ಲ ಇದರ ಮೂಲಕವೇ ಕಾಲುಗಳಿಗೆ ಇಳಿಯುತ್ತದೆ. ಚಲನೆ ಅತ್ಯಲ್ಪ, ಕೆಲವೇ ಡಿಗ್ರಿ ತಿರುಗುವಿಕೆ, ಒಂದೆರಡು ಮಿಲಿಮೀಟರ್ ಜಾರುವಿಕೆ. ಹಿಂಭಾಗವನ್ನು ದಪ್ಪನೆಯ ಅಸ್ಥಿರಜ್ಜುಗಳು ಬಿಗಿಯಾಗಿ ಕಟ್ಟಿದ್ದರೆ ಮುಂಭಾಗದ ಪೊರೆ ತೆಳ್ಳಗಿದೆ; ಆ ಪೊರೆಯ ಮುಂದೆಯೇ ಇಲಿಯಾಕಸ್ ಸ್ನಾಯುವಿದೆ ಮತ್ತು ಕಾಲಿಗೆ ಇಳಿಯುವ ಸೊಂಟದ ನರಕಾಂಡ ಹಾದುಹೋಗುತ್ತದೆ. ಆದ್ದರಿಂದ ಈ ಕೀಲಿನ ಉರಿಯೂತ ಸಯಾಟಿಕಾದ ವೇಷ ಹಾಕಬಲ್ಲದು, ಮತ್ತು ಕೀಲಿನೊಳಗಿನ ಕೀವು ಮುಂದಕ್ಕೆ ಒಡೆದರೆ ನೇರವಾಗಿ ಸ್ನಾಯುವಿನೊಳಗೆ ಇಳಿಯುತ್ತದೆ. ಗೋಲ್ಡ್‌ಥ್ವೇಟ್ ಮತ್ತು ಆಸ್‌ಗುಡ್ 1905ರಲ್ಲೇ ಬೆನ್ನುನೋವಿಗೆ ಈ ಕೀಲನ್ನು ಹೊಣೆ ಮಾಡಿದ್ದರು. 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಡಿಸ್ಕ್ ಸರಿದು ನರವನ್ನು ಒತ್ತುವುದನ್ನು ತೋರಿಸಿದ ಮೇಲೆ ವೈದ್ಯರ ಕಣ್ಣು ಡಿಸ್ಕಿನ ಕಡೆ ತಿರುಗಿತು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಅದು ಬಹಳ ಮಟ್ಟಿಗೆ ಇನ್ನೂ ಅಲ್ಲೇ ಇದೆ.

ಚುಚ್ಚುಮದ್ದಿನ ತಂತ್ರದಲ್ಲಿ ದೋಷವಿರಲಿಲ್ಲ. ಚಿತ್ರದ ನೆರವಿಲ್ಲದೆ ಕೈಯಂದಾಜಿನಲ್ಲಿ ಚುಚ್ಚಿದಾಗ ಸೂಜಿ ನಿಜವಾಗಿ ಕೀಲಿನೊಳಗೆ ತಲುಪಿದ್ದು ಶೇ 22ರಷ್ಟು ಸಲ ಮಾತ್ರ ಎಂದು 2000ದಲ್ಲಿ ಪ್ರಕಟವಾದ ಸಿಟಿ ಅಧ್ಯಯನವೊಂದು ತೋರಿಸಿತ್ತು. ಇವರಿಗೆ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಕೆಳಗೆ, ಚಿತ್ರದಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ ಹರಿಸಿ ನೋಡಿಯೇ ಕೊಟ್ಟಿದ್ದರು. ಅಂದು ಮಧ್ಯಾಹ್ನ ಬಲಗಾಲಿನ ಶಕ್ತಿ ಕುಂದಿ, ಮಂಚದಿಂದ ಇಳಿದ ರೋಗಿ ಕುಸಿದು ಕೂತರು. ಮನೆಯವರು ಲಕ್ವ ಹೊಡೆಯಿತೆಂದು ಗಾಬರಿಯಾದರು. ಕತ್ತಲಾಗುವಷ್ಟರಲ್ಲಿ ಕಾಲು ಮೊದಲಿನಂತಾಯಿತು. ಇದು ಈ ಚುಚ್ಚುಮದ್ದಿನ ಪರಿಚಿತ ತೊಡಕು. ಕೀಲಿನ ಒಳಜಾಗ ಹಿಡಿಯುವುದೇ ಎರಡು ಮಿಲಿಲೀಟರ್ ಆಸುಪಾಸು. ಹೆಚ್ಚಾದದ್ದು, ಅಥವಾ ಮುಂಭಾಗದ ಪೊರೆಯಲ್ಲಿ ಬಿರುಕಿದ್ದರೆ ಅಷ್ಟೂ, ನರಗಳ ಮೇಲೆ ಸೋರಿ ಅವನ್ನು ಕೆಲವು ಗಂಟೆ ಮರಗಟ್ಟಿಸುತ್ತದೆ. ಹೀಗಾಗಬಹುದೆಂದು ಮೊದಲೇ ಹೇಳಿ, ಕಾಲಿನ ಶಕ್ತಿಯನ್ನು ಪರೀಕ್ಷಿಸಿದ ಮೇಲೆ ಮಾತ್ರ ಮಂಚದಿಂದ ಇಳಿಸಿದರೆ ಬಿದ್ದು ಮೂಳೆ ಮುರಿದುಕೊಳ್ಳುವುದನ್ನಾದರೂ ತಪ್ಪಿಸಬಹುದು. ನಮಗೆ ಆ ಘಟನೆ ಇನ್ನೊಂದು ಸುಳಿವನ್ನೂ ಕೊಟ್ಟಿತು: ಕೀಲಿನ ಮುಂಭಾಗದ ಪೊರೆ ಆಗಲೇ ಗಟ್ಟಿಯಾಗಿರಲಿಲ್ಲ.

ಹತ್ತು ದಿನ ನೋವು ಬಹಳ ಕಡಿಮೆಯಾಯಿತು. ರೋಗಿ ಕುರಿ ಹಿಂದೆ ಹೋಗಲೂ ತೊಡಗಿದರು. ಮೂರನೇ ವಾರ ಚಳಿಯೊಡನೆ ಜ್ವರ ಬಂತು, ನೋವು ಮೊದಲಿಗಿಂತ ಹೆಚ್ಚಾಯಿತು, ಬಲದೊಡೆಯನ್ನು ಹೊಟ್ಟೆಯ ಕಡೆ ಮಡಚಿಕೊಂಡೇ ಮಲಗುವಂತಾಯಿತು. ನಮ್ಮಲ್ಲಿಗೆ ಬಂದದ್ದು ಆಗ.

ಪರೀಕ್ಷೆಯಲ್ಲಿ ಕಂಡದ್ದು

ನೋವು ಎಲ್ಲಿ ಎಂದು ಕೇಳಿದಾಗ ಅವರು ಹೆಬ್ಬೆರಳಿನಿಂದ ತೋರಿಸಿದ್ದು ಸೊಂಟದ ಹಿಂದಿನ ಮೂಳೆಯ ಉಬ್ಬಿನ ಸ್ವಲ್ಪ ಕೆಳಗೆ, ಒಳಬದಿಗೆ. ಎರಡು ಸಲ ಕೇಳಿದರೂ ಬೆರಳು ಅದೇ ಜಾಗಕ್ಕೆ ಹೋಯಿತು. ಸ್ಯಾಕ್ರೊಇಲಿಯಾಕ್ ನೋವಿಗೆ ಹೊಂದುವ ಗುರುತಿದು. ಕೀಲನ್ನು ಬೇರೆಬೇರೆ ದಿಕ್ಕಿನಲ್ಲಿ ಒತ್ತಿ ನೋವು ಎಬ್ಬಿಸುವ ಪರೀಕ್ಷೆಗಳಲ್ಲಿ ಒಂದೇ ಪರೀಕ್ಷೆಯನ್ನು ನಂಬಬಾರದು, ಮೂರು ಅಥವಾ ಹೆಚ್ಚು ಪಾಸಿಟಿವ್ ಬಂದರೆ ಅರ್ಥವಿದೆ ಎಂಬುದು ರೂಢಿಯ ನಿಯಮ. ಇವರಲ್ಲಿ ಮೂರು ಮಾಡುವಷ್ಟರಲ್ಲಿ ನೋವಿನಿಂದ ಮೈ ಬೆವರಿದ್ದರಿಂದ ಮುಂದುವರಿಸಲಿಲ್ಲ. ಜ್ವರ 101.8 ಡಿಗ್ರಿ. ತೂಕ 54 ಕೆಜಿ, ಏಳು ತಿಂಗಳಲ್ಲಿ ಆರು ಕೆಜಿ ಇಳಿದಿತ್ತು. ಗುಲ್ಮ ಒಂದು ಬೆರಳಗಲ ಕೈಗೆ ಸಿಗುತ್ತಿತ್ತು. ಉರಿಯೂತದ ಸೂಚಕಗಳು ಏರಿದ್ದವು: ಇಎಸ್‌ಆರ್ 62, ಸಿಆರ್‌ಪಿ 71. ಬಿಳಿ ರಕ್ತಕಣಗಳ ಸಂಖ್ಯೆ ಮಾತ್ರ ಸಹಜ, ಯಕೃತ್ತಿನ ಕಿಣ್ವಗಳು ತುಸು ಏರಿದ್ದವು, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ 1.2.

ಹೊಸ ಎಂಆರ್‌ಐನಲ್ಲಿ ಮಜ್ಜೆಯ ಊತ ಹರಡಿತ್ತು, ಇಲಿಯಂ ಬದಿಯಲ್ಲಿ ಮೂಳೆ ಸವೆದಿತ್ತು, ಇಲಿಯಾಕಸ್ ಸ್ನಾಯುವಿನೊಳಗೆ ಸುಮಾರು ಮೂರು ಸೆಂಟಿಮೀಟರಿನ ಕೀವುಗೂಡಿತ್ತು. ಸ್ಪಾಂಡಿಲೊಆರ್ಥ್ರೈಟಿಸ್‌ನ ಊತ ಮೂಳೆಯ ಗಡಿಯೊಳಗೇ ನಿಲ್ಲುತ್ತದೆ. ಕೀಲಿನ ಪೊರೆಯನ್ನು ದಾಟಿ ಸ್ನಾಯುವಿಗೆ ಹರಡುವುದು ಸೋಂಕಿನ ಲಕ್ಷಣ. ಹಳೆಯ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದಾಗ, ಚುಚ್ಚುಮದ್ದಿಗೂ ಮೊದಲು ತೆಗೆದ ಆ ಚಿತ್ರದಲ್ಲೇ ಕೀಲಿನ ಮುಂದಿನ ಸ್ನಾಯುವಿನ ಅಂಚಿನಲ್ಲಿ ತೆಳುವಾದ ಬಿಳಿ ಗೆರೆಯೊಂದು ಕಂಡಿತು. ವರದಿಯಲ್ಲಿ ಅದರ ಪ್ರಸ್ತಾಪ ಇರಲಿಲ್ಲ. ಆ ಗೆರೆ ನಮ್ಮ ಮಟ್ಟಿಗೆ ಮಹತ್ವದ್ದಾಯಿತು, ಏಕೆಂದರೆ ಮುಂದಿದ್ದ ಪ್ರಶ್ನೆ ಎರಡು ಕವಲಿನದು: ಚುಚ್ಚುಮದ್ದಿನ ಸೂಜಿಯೇ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಅನ್ನು ಒಳಗೆ ಒಯ್ದಿತೇ, ಅಥವಾ ಮೊದಲೇ ಇದ್ದ ಸೋಂಕಿನ ಮೇಲೆ ಸ್ಟೀರಾಯ್ಡ್ ಬಿತ್ತೇ?

ಎಚ್‌ಎಲ್‌ಎ-ಬಿ27 ಬಗ್ಗೆ ಒಂದು ಮಾತು. ಸ್ಪಾಂಡಿಲೊಆರ್ಥ್ರೈಟಿಸ್‌ನ ಒಂದು ಬಗೆಯಾದ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ಹೆಚ್ಚಿನವರಲ್ಲಿ ಈ ಗುರುತು ಇರುತ್ತದೆ, ನಿಜ. ಆದರೆ ಇದನ್ನು ಹೊತ್ತು ಜೀವನಪೂರ್ತಿ ಆರೋಗ್ಯವಾಗಿರುವವರ ಸಂಖ್ಯೆ ರೋಗಿಗಳ ಸಂಖ್ಯೆಗಿಂತ ಬಹಳ ದೊಡ್ಡದು. ರಾತ್ರಿ ಬೆವರು, ತೂಕ ಇಳಿಕೆ ಮತ್ತು ಒಂದೇ ಬದಿಯ ರೋಗವಿರುವ ಮನುಷ್ಯನಲ್ಲಿ ಆ ಗುರುತು ಪಾಸಿಟಿವ್ ಬಂದದ್ದು ವಿಚಾರವನ್ನು ಮುಗಿಸಬಾರದಿತ್ತು, ಇಲ್ಲಿ ಮುಗಿಸಿಬಿಟ್ಟಿತು.

ದಾರಿ ತೆರೆದದ್ದು ತಾಯಿಯ ಮಾತು. ಕುರಿಗಳು ಚೆನ್ನಾಗಿವೆಯೇ ಎಂದು ವಿಚಾರಿಸಿದಾಗ ಅವರು ಹೇಳಿದ್ದು ಹೀಗೆ: "ಎಲ್ಲಿ ಚೆಂದ ಸಾರ್, ಈ ಸಲ ಎಂಟತ್ತು ಕುರಿ ಕಂದು ಹಾಕಿದ್ವು. ಸತ್ತೆ ಬೀಳ್ದೇ ಇದ್ದವಕ್ಕೆಲ್ಲ ಇವ್ನೇ ಕೈ ಹಾಕಿ ತೆಗೆದ." ಕಂದು ಹಾಕುವುದೆಂದರೆ ಗರ್ಭಪಾತ, ಸತ್ತೆಯೆಂದರೆ ಮಾಸು. ಬರಿಗೈಯಲ್ಲೇ ತೆಗೆದಿರಾ ಎಂದು ಮಗನನ್ನು ಕೇಳಿದೆವು. ಅವರು ಬಲಗೈಯನ್ನು ಮೊಣಕೈವರೆಗೆ ತೋರಿಸಿ, ಆ ಸಮಯದಲ್ಲಿ ಕಾರೆಮುಳ್ಳು ತರಚಿ ಗಾಯವಾಗಿತ್ತು ಎಂದರು. ಕುರಿ ಮೇಯಿಸಲು ಹೋದಾಗ ಮೇಕೆಯ ಹಾಲನ್ನು ಕಾಯಿಸದೆ ಕುಡಿಯುವುದೂ ಇತ್ತು. ಏಳು ತಿಂಗಳಲ್ಲಿ ಇದನ್ನು ಯಾರಾದರೂ ಕೇಳಿದ್ದರೇ ಎಂದರೆ ತಾಯಿ ಮಗನ ಮುಖ ನೋಡಿದರು. ಚೀಟಿಗಳಲ್ಲಿ ಉದ್ಯೋಗದ ಜಾಗದಲ್ಲಿ "ರೈತ" ಎಂದಿತ್ತು.

ಬ್ರೂಸೆಲ್ಲಾ

ಜಾನುವಾರುಗಳಲ್ಲಿ ಕಂದು ರೋಗವೆಂದು ನಮ್ಮ ಪಶುವೈದ್ಯರು ಕರೆಯುವ ಬ್ರೂಸೆಲ್ಲೋಸಿಸ್ ಮನುಷ್ಯರಿಗೆ ದಾಟುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ಕಾಯಿಸದ ಹಾಲು, ಮತ್ತು ಕಂದು ಹಾಕಿದ ಪ್ರಾಣಿಯ ಭ್ರೂಣ, ಸತ್ತೆ, ಸ್ರಾವಗಳ ಸಂಪರ್ಕ. ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಮೇಕೆಗಳಿಂದ ಬರುತ್ತದೆಂದು 1905ರಲ್ಲಿ ತೋರಿಸಿದವರು ಥೆಮಿಸ್ಟೋಕ್ಲಿಸ್ ಝಮ್ಮಿಟ್. ಕುರಿ ಮೇಕೆಗಳಲ್ಲಿ ಮನೆ ಮಾಡುವ ಮೆಲಿಟೆನ್ಸಿಸ್ ಪ್ರಭೇದವೇ ಮನುಷ್ಯರಿಗೆ ಹೆಚ್ಚು ಕಾಟ ಕೊಡುವುದು. ಕರ್ನಾಟಕದ ಮಟ್ಟಿಗೆ ಇದು ಪುಸ್ತಕದೊಳಗಿನ ಅಪರೂಪದ ರೋಗವಲ್ಲ: ವಿಜಯಪುರದ ವೈದ್ಯರು ಅಲ್ಲಿನ ಮಕ್ಕಳಲ್ಲೂ ದೊಡ್ಡವರಲ್ಲೂ ಇದನ್ನು ವರ್ಷಗಟ್ಟಲೆ ದಾಖಲಿಸಿ ಪ್ರಕಟಿಸಿದ್ದಾರೆ. ಇದು ಮೂಳೆ ಕೀಲುಗಳಿಗೆ ಇಳಿದಾಗ ವಯಸ್ಸಾದವರಲ್ಲಿ ಬೆನ್ನುಮೂಳೆಯನ್ನೂ ಪ್ರಾಯದವರಲ್ಲಿ ಸ್ಯಾಕ್ರೊಇಲಿಯಾಕ್ ಕೀಲನ್ನೂ, ಅದರಲ್ಲೂ ಬಹುಪಾಲು ಒಂದೇ ಬದಿಯ ಕೀಲನ್ನು, ಹಿಡಿಯುತ್ತದೆ. ಬಿಳಿ ರಕ್ತಕಣಗಳು ಏರದಿರುವುದು ಇದರ ಸ್ವಭಾವ. ಬೇರೆ ಕೀವುಕಾರಕಗಳಂತೆ ಅಬ್ಬರಿಸದೆ, ಜೀವಕೋಶಗಳೊಳಗೆ ಅಡಗಿ ತಿಂಗಳುಗಟ್ಟಲೆ ಉಳಿಯುವುದರಿಂದಲೇ ಸಂಧಿವಾತವೆಂದು ತಪ್ಪಾಗಿ ಎಣಿಸಲು ಅವಕಾಶ ಸಿಗುತ್ತದೆ.

ಸಿಟಿ ನೆರವಿನಿಂದ ಕೀವನ್ನು ಹೊರತೆಗೆದು, ಅದೇ ಸೂಜಿಮಾರ್ಗದಲ್ಲಿ ಕೀಲಿನ ಅಂಚಿನ ಮೂಳೆಯ ತುಣುಕನ್ನೂ ಪಡೆದೆವು. ಕೀವನ್ನು ರಕ್ತದ ಕಲ್ಚರ್ ಬಾಟಲಿಗೇ ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯುವ ಸಂಭವ ಹೆಚ್ಚು. ಪ್ರಯೋಗಾಲಯಕ್ಕೆ ಫೋನ್ ಮಾಡಿ ಬ್ರೂಸೆಲ್ಲಾ ಶಂಕೆಯಿದೆಯೆಂದು ಮೊದಲೇ ತಿಳಿಸಲಾಯಿತು. ಇದು ಸೌಜನ್ಯದ ವಿಷಯವಲ್ಲ, ಮುಚ್ಚಳ ತೆರೆದಾಗ ಗಾಳಿಗೇರುವ ಈ ಜೀವಿಗಳಿಂದ ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿದ ಉದಾಹರಣೆಗಳು ಲೋಕದಲ್ಲೆಲ್ಲ ಇವೆ. ಐದನೇ ದಿನ ಕೀವಿನ ಬಾಟಲಿಯಲ್ಲೂ ರಕ್ತದ ಬಾಟಲಿಯಲ್ಲೂ ಅತಿ ಸಣ್ಣ ಗ್ರಾಂ-ನೆಗೆಟಿವ್ ಜೀವಿಗಳು ಬೆಳೆದವು, ಮುಂದೆ ಬ್ರೂಸೆಲ್ಲಾ ಎಂದು ದೃಢಪಟ್ಟಿತು. ಬ್ರೂಸೆಲ್ಲಾ ವಿರುದ್ಧದ ಪ್ರತಿಕಾಯಗಳನ್ನು ಅಳೆಯುವ ಅಗ್ಲುಟಿನೇಶನ್ ರಕ್ತಪರೀಕ್ಷೆ 1:1280ರಷ್ಟು ತೆಳುಮಾಡಿದರೂ ಪಾಸಿಟಿವ್ ಆಗಿತ್ತು. 1:160 ದಾಟಿದರೆ ಸಾಮಾನ್ಯವಾಗಿ ಮಹತ್ವದ್ದೆಂದು ಎಣಿಸುತ್ತಾರೆ. ಸ್ಟ್ಯಾಫಿಲೊಕಾಕಸ್ ಬೆಳೆಯಲಿಲ್ಲ. ಹೀಗೆ ಸೂಜಿಯ ಮೇಲಿನ ಸಂಶಯ ಹೋಯಿತು, ಸ್ಟೀರಾಯ್ಡಿನ ಮೇಲಿನದು ಉಳಿಯಿತು: ಕಾಂಟ್ರಾಸ್ಟ್ ಹರಿಸಿ ಕರಾರುವಾಕ್ಕಾಗಿ ಕೊಟ್ಟ ಔಷಧ ರೋಗನಿರೋಧಕ ಕಣಗಳನ್ನು ಕುಗ್ಗಿಸಬಾರದ ಜಾಗದಲ್ಲೇ ಕುಗ್ಗಿಸಿತ್ತು. ಅದರ ಮೇಲೆ ಟಿಎನ್‌ಎಫ್ ತಡೆಯುವ ಔಷಧವೂ ಸೇರಿದ್ದರೆ ಸೋಂಕು ಒಂದು ಕೀಲಿಗೆ ನಿಲ್ಲುತ್ತಿತ್ತೆಂದು ನಾನು ನಂಬುವುದಿಲ್ಲ.

ಇಷ್ಟಾದರೂ, ಜೊತೆಗೆ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಬಾಕಿಯಿತ್ತು. ಮೂಳೆಯ ತುಣುಕಿನಲ್ಲಿ ಗ್ರ್ಯಾನುಲೋಮಾ (ರೋಗನಿರೋಧಕ ಕಣಗಳ ಸಣ್ಣ ಗಂಟು) ಕಂಡಿತ್ತು, ಮತ್ತು ನಮ್ಮ ದೇಶದಲ್ಲಿ ಆ ಶಬ್ದ ಕೇಳಿದೊಡನೆ ಕ್ಷಯದ ಮಾತ್ರೆ ಬರೆಯುವವರಿದ್ದಾರೆ. ಬ್ರೂಸೆಲ್ಲಾ ಕೂಡ ಗ್ರ್ಯಾನುಲೋಮಾ ಮಾಡುತ್ತದೆ. ಕ್ಷಯದಲ್ಲಿ ಕಾಣುವ ಕೊಳೆತ ನಡುಭಾಗ ಇವರಲ್ಲಿ ಇರಲಿಲ್ಲ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆ ನೆಗೆಟಿವ್ ಬಂತು, ಆರು ವಾರ ಕಾದ ಕ್ಷಯದ ಕಲ್ಚರ್ ಕೂಡ. ಇದನ್ನು ಖಚಿತಪಡಿಸಿಕೊಳ್ಳುವ ಅವಸರಕ್ಕೆ ಕಾರಣವಿತ್ತು: ಬ್ರೂಸೆಲ್ಲಾಗೆ ಬಳಸುವ ಸ್ಟ್ರೆಪ್ಟೊಮೈಸಿನ್ ಮತ್ತು ರಿಫಾಂಪಿಸಿನ್ ಎರಡೂ ಕ್ಷಯದ ಔಷಧಗಳೇ. ಕ್ಷಯವಿದ್ದವರಿಗೆ ಅವನ್ನು ಜೊತೆ ಔಷಧಗಳಿಲ್ಲದೆ ಕೊಟ್ಟರೆ ರೋಗ ತಾತ್ಕಾಲಿಕವಾಗಿ ಅಡಗಿ, ಔಷಧಕ್ಕೆ ಬಗ್ಗದ ಕ್ಷಯವಾಗಿ ಎದ್ದು ಬರಬಹುದು.

ಚಿಕಿತ್ಸೆ ತಂದ ತೊಂದರೆಗಳು

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಎರಡರಿಂದ ಮೂರು ವಾರ: ಈ ಜೋಡಿಯಲ್ಲಿ ರೋಗ ಮರುಕಳಿಸುವುದು ಡಾಕ್ಸಿಸೈಕ್ಲಿನ್–ರಿಫಾಂಪಿಸಿನ್ ಜೋಡಿಗಿಂತ ಕಡಿಮೆ ಎಂಬುದರ ಮೇಲೆ ಅದನ್ನೇ ಆಯ್ದುಕೊಂಡೆವು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ರಕ್ತದಲ್ಲಿನ ಡಾಕ್ಸಿಸೈಕ್ಲಿನ್ ಮಟ್ಟವನ್ನು ತಗ್ಗಿಸುತ್ತದೆ ಎಂಬುದೂ ಒಂದು ಕಾರಣ. ತೂಕ ನೋಡಿ ಸ್ಟ್ರೆಪ್ಟೊಮೈಸಿನ್ ದಿನಕ್ಕೆ 750 ಮಿಲಿಗ್ರಾಂ ಎಂದು ನಿಗದಿಯಾಯಿತು. ಮೂರನೇ ದಿನ ಜ್ವರ ಇಳಿಯಿತು, ಆರನೇ ದಿನ ರೋಗಿ ಕಾಲೂರಿದರು. ಉಳಿದ ಚುಚ್ಚುಮದ್ದುಗಳನ್ನು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿ ಮನೆಗೆ ಕಳುಹಿಸಲಾಯಿತು.

ಹನ್ನೊಂದನೇ ದಿನ ಆ ಕೇಂದ್ರದ ನರ್ಸ್ ಫೋನ್ ಮಾಡಿದರು. ರೋಗಿ ಬಾಗಿಲಿಂದ ಕುರ್ಚಿಯವರೆಗೆ ಗೋಡೆ ಹಿಡಿದುಕೊಂಡು ಬಂದರು, ಕುಡಿದಿಲ್ಲ, ಜ್ವರವಿಲ್ಲ, ಅಂಗಿಯ ಜೇಬಿನಲ್ಲಿ ಡೈಕ್ಲೋಫೆನಾಕ್ ಪಟ್ಟಿಯಿದೆ, ಚುಚ್ಚುಮದ್ದು ಕೊಡಲೇ ಎಂದು ಕೇಳಿದರು. ಈ ಪ್ರಕರಣದಲ್ಲಿ ನಾನು ಅತ್ಯಂತ ಮೆಚ್ಚಿದ ವೈದ್ಯಕೀಯ ಅವಲೋಕನ ಅದೇ. ಕೊಡಬೇಡಿರೆಂದು ಹೇಳಿ ರೋಗಿಯನ್ನು ಕರೆಸಿಕೊಂಡೆವು. ಕ್ರಿಯಾಟಿನಿನ್ 1.9ಕ್ಕೆ ಏರಿತ್ತು. ನಿಲ್ಲಿಸಲು ಹೇಳಿದ್ದ ನೋವಿನ ಮಾತ್ರೆಯನ್ನು, ಕಾಲೂರಲು ಬಂದ ಉತ್ಸಾಹದಲ್ಲಿ ಕುರಿ ಹಿಂದೆ ನಡೆಯಲೆಂದು, ಅವರು ದಿನಕ್ಕೆ ಎರಡರಂತೆ ನುಂಗುತ್ತಿದ್ದರು. ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ತಿಂದ ಮೂತ್ರಪಿಂಡ, ಬಿಸಿಲಿನಲ್ಲಿ ನೀರು ಕಡಿಮೆ ಕುಡಿದ ಮೈ, ಅದರ ಮೇಲೆ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಸ್ಟ್ರೆಪ್ಟೊಮೈಸಿನ್. ಔಷಧ ಹೊರಹೋಗದೆ ರಕ್ತದಲ್ಲಿ ಕೂಡಿಕೊಂಡು ಒಳಕಿವಿಯ ಸಮತೋಲನದ ಕೋಶಗಳನ್ನು ಹಾಳುಮಾಡಿತ್ತು.

ಸ್ಟ್ರೆಪ್ಟೊಮೈಸಿನ್ ಹಾನಿಯನ್ನು ಕಂಡುಹಿಡಿಯುವುದು ಕಷ್ಟವಾಗುವುದು ಅದು ತಲೆತಿರುಗುವಿಕೆಯಾಗಿ ಬರದಿರುವುದರಿಂದ. ಎರಡೂ ಕಿವಿಗಳ ಸಮತೋಲನಾಂಗ ಒಟ್ಟಿಗೇ ಕುಂದುವುದರಿಂದ ಲೋಕ ಗಿರ್ರನೆ ತಿರುಗುವುದಿಲ್ಲ. ನಡೆಯುವಾಗ ಎದುರಿನದು ಕುಲುಕಿದಂತೆ ಕಾಣುತ್ತದೆ, ಕತ್ತಲಲ್ಲಿ ಕಾಲು ನೆಲ ಹುಡುಕುತ್ತದೆ. ಕಿವಿ ಚೆನ್ನಾಗಿ ಕೇಳುತ್ತಿರುತ್ತದೆ, ಆದ್ದರಿಂದ ಶ್ರವಣಪರೀಕ್ಷೆ ಸಹಜವೆಂದು ಬಂದು ಎಲ್ಲರನ್ನೂ ಸುಮ್ಮನಾಗಿಸುತ್ತದೆ. ತಲೆಯನ್ನು ಥಟ್ಟನೆ ಒಂದು ಬದಿಗೆ ತಿರುಗಿಸಿದಾಗ ಕಣ್ಣುಗಳು ನನ್ನ ಮೂಗಿನ ಮೇಲೆ ನಿಲ್ಲದೆ ಜೊತೆಗೇ ಜಾರಿ, ಅನಂತರ ಹಾರಿ ಮರಳುತ್ತಿದ್ದವು. ಎರಡೂ ಬದಿಗೆ ಹಾಗೆಯೇ. ಕಣ್ಣು ಮುಚ್ಚಿಸಿ ಮಡಚಿದ ಕಂಬಳಿಯ ಮೇಲೆ ನಿಲ್ಲಿಸಿದಾಗ ಎರಡು ಸೆಕೆಂಡಿಗೆ ವಾಲಿದರು.

ಸ್ಟ್ರೆಪ್ಟೊಮೈಸಿನ್ ನಿಂತಿತು. ಕ್ಷಯದ ಸಾಧ್ಯತೆ ಬಹುಮಟ್ಟಿಗೆ ದೂರವಾಗಿದ್ದರಿಂದ ರಿಫಾಂಪಿಸಿನ್ 600 ಮಿಲಿಗ್ರಾಂ ಸೇರಿಸಿ, ಕೀವುಗೂಡು ಇದ್ದ ಕಾರಣ ಎರಡನ್ನೂ ಒಟ್ಟು ಹನ್ನೆರಡು ವಾರ ಮುಂದುವರಿಸಲು ತೀರ್ಮಾನಿಸಿದೆವು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಮೊದಲೇ ಹೇಳಿದ್ದರಿಂದ ಅದು ಯಾರನ್ನೂ ಹೆದರಿಸಲಿಲ್ಲ. ಕ್ರಿಯಾಟಿನಿನ್ ಮೂರು ವಾರಗಳಲ್ಲಿ 1.1ಕ್ಕೆ ಇಳಿಯಿತು.

ಡಾಕ್ಸಿಸೈಕ್ಲಿನ್ ಕೊಟ್ಟ ಕಾಟ ಸಣ್ಣದು, ಆದರೆ ಚಿಕಿತ್ಸೆಯನ್ನೇ ನಿಲ್ಲಿಸುವಷ್ಟು ಹತ್ತಿರ ಬಂದಿತ್ತು. ಐದನೇ ವಾರ ರೋಗಿಗೆ ಎದೆಯ ನಡುವೆ ಉರಿ, ಮುದ್ದೆ ನುಂಗಲೂ ನೋವು. ರಾತ್ರಿಯ ಗುಳಿಗೆಯನ್ನು ಮಲಗಿದ ಮೇಲೆ ನೆನಪಾಗಿ ಒಂದು ಗುಟುಕು ನೀರಿನಲ್ಲಿ ನುಂಗುತ್ತಿದ್ದರು. ಗುಳಿಗೆ ಅನ್ನನಾಳದ ಗೋಡೆಗೆ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿತ್ತು. ರಾತ್ರಿಯ ಗುಳಿಗೆಯನ್ನು ಸಂಜೆಯ ಊಟದ ಜೊತೆಗೆ ಬದಲಿಸಿ, ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆ ಮಲಗಬಾರದೆಂದು ತಮ್ಮನಿಗೆ ಹೇಳಿಕೊಟ್ಟ ಮೇಲೆ ಹತ್ತು ದಿನದಲ್ಲಿ ಸರಿಹೋಯಿತು. ಬಿಸಿಲಿಗೆ ಚರ್ಮ ಸುಡುವುದು ಇದೇ ಔಷಧದ ಇನ್ನೊಂದು ಗುಣ. ಚಿತ್ರದುರ್ಗದ ಬೇಸಿಗೆಯಲ್ಲಿ ಕುರಿಗಾಹಿಗೆ ನೆರಳಲ್ಲಿರಿ ಎನ್ನುವುದು ಅರ್ಥವಿಲ್ಲದ ಸಲಹೆ. ತುಂಬುತೋಳಿನ ಅಂಗಿ ಮತ್ತು ಕುತ್ತಿಗೆ ಮುಚ್ಚುವಂತೆ ಸುತ್ತಿದ ಟವೆಲ್ ಸಾಕಾಯಿತು.

ನಂತರದ ಒಂದು ವರ್ಷ

ಹನ್ನೆರಡನೇ ವಾರದ ಎಂಆರ್‌ಐನಲ್ಲಿ ಕೀವುಗೂಡು ಇರಲಿಲ್ಲ, ಮಜ್ಜೆಯ ಊತ ಸ್ವಲ್ಪ ಉಳಿದಿತ್ತು. ಔಷಧ ನಿಲ್ಲಿಸುವುದನ್ನು ಚಿತ್ರದ ಮೇಲೆ ನಿರ್ಧರಿಸದೆ ಜ್ವರ, ತೂಕ, ಸಿಆರ್‌ಪಿ ನೋಡಿ ನಿರ್ಧರಿಸಿದೆವು. ಊತ ಚಿತ್ರದಿಂದ ಮಾಯವಾಗಲು ರೋಗ ಗುಣವಾದ ಮೇಲೂ ತಿಂಗಳುಗಳು ಹಿಡಿಯುತ್ತವೆ. ತಮ್ಮನ ರಕ್ತವೂ ಪಾಸಿಟಿವ್ ಬಂದು, ಅವರಿಗೂ ಬಿಟ್ಟುಬಿಟ್ಟು ಜ್ವರವಿದ್ದದ್ದರಿಂದ ಚಿಕಿತ್ಸೆ ಕೊಡಲಾಯಿತು. ತಾಯಿಗೆ ಸೋಂಕಿರಲಿಲ್ಲ, ಅವರು ಮೇಕೆಹಾಲನ್ನು ಚಹಾಕ್ಕೆ ಕುದಿಸಿ ಮಾತ್ರ ಬಳಸುತ್ತಿದ್ದರು.

ಮಂದೆಯ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರೂಸೆಲ್ಲಾ ಲಸಿಕೆ ಇರುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಹಸು ಎಮ್ಮೆಗಳಿಗೆ. ಕುರಿಗಳು ಅದರ ಹೊರಗಿವೆ. ತಾಲ್ಲೂಕಿನ ಪಶುವೈದ್ಯರು ಕಂದು ಹಾಕಿದ ಕುರಿಗಳ ರಕ್ತ ತೆಗೆದು, ಪಾಸಿಟಿವ್ ಬಂದವನ್ನು ಬೇರೆ ಕಟ್ಟಲು ಹೇಳಿದರು. ಸಾಲದ ಮೇಲೆ ಕುರಿ ತಂದ ಮನೆಯಲ್ಲಿ ಅವನ್ನು ಮಾರದೆ ಇಟ್ಟುಕೊಳ್ಳಿ ಎನ್ನುವುದೂ, ಮಾರಿ ಮತ್ತೊಬ್ಬರ ಮಂದೆಗೆ ಸೇರಿಸಬೇಡಿ ಎನ್ನುವುದೂ ಎಷ್ಟು ದಿನ ನಡೆಯುತ್ತದೆಂದು ನನಗೆ ಸಂಶಯವೇ. ಕೈಗವಸು ತೊಡುವುದು, ಭ್ರೂಣ ಮತ್ತು ಸತ್ತೆಯನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಹೂಳುವುದು, ಹಾಲು ಕಾಯಿಸುವುದು: ಇಷ್ಟನ್ನು ಮಾತ್ರ ಮನೆಯವರು ಬಿಡದೆ ಮಾಡುತ್ತಿದ್ದಾರೆ.

ಎಂಟನೇ ತಿಂಗಳು ಭಾರ ಎತ್ತಿದಾಗ ಅದೇ ಜಾಗದಲ್ಲಿ ನೋವು ಮರಳಿತು. ಬೇರೆಡೆ ತೋರಿಸಿದಾಗ ಕೀಲನ್ನು ಟೈಟಾನಿಯಂ ಇಂಪ್ಲಾಂಟ್‌ಗಳಿಂದ ಬೆಸೆಯುವ ಶಸ್ತ್ರಚಿಕಿತ್ಸೆ ಸೂಚಿಸಿದ್ದರು. ಸಣ್ಣ ಗಾಯದ ಮೂಲಕ ಮಾಡುವ ಈ ಶಸ್ತ್ರಚಿಕಿತ್ಸೆ ಕಳೆದ ಹದಿನೈದು ವರ್ಷಗಳಲ್ಲಿ ಜನಪ್ರಿಯವಾಗಿದೆ, ಸರಿಯಾದ ರೋಗಿಗೆ ಫಲವನ್ನೂ ಕೊಡುತ್ತದೆ. ಆದರೆ ಇಂಪ್ಲಾಂಟ್ ಕೆಲವು ಮಿಲಿಮೀಟರ್ ಒಳಬದಿಗೆ ಹೋದರೂ ತ್ರಿಕಾಸ್ಥಿಯ ರಂಧ್ರದಲ್ಲಿನ ನರಬೇರನ್ನು ತಾಗಿ ಕಾಲಿಗೆ ಹೊಸ ನೋವು ತರಬಹುದು; ಪಿರ್ರೆಯ ರಕ್ತನಾಳಕ್ಕೆ ಪೆಟ್ಟು, ಸಡಿಲವಾಗುವುದು, ಸೋಂಕು ಇವೂ ಇವೆ. ಕೆಲವು ತಿಂಗಳ ಹಿಂದಷ್ಟೇ ಬ್ರೂಸೆಲ್ಲಾ ಕೂತಿದ್ದ ಮೂಳೆಯೊಳಗೆ ಲೋಹ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲು ರೋಗ ಮರುಕಳಿಸಿದೆಯೇ ಎಂದು ನೋಡಿದೆವು: ಜ್ವರವಿಲ್ಲ, ಸಿಆರ್‌ಪಿ 4, ಅಗ್ಲುಟಿನೇಶನ್ 1:160ಕ್ಕೆ ಇಳಿದಿತ್ತು, ಕಲ್ಚರ್ ಖಾಲಿ. ಸಿಟಿಯಲ್ಲಿ ಕೀಲಿನ ಕೆಳಭಾಗದಲ್ಲಿ ಎರಡು ಮೂಳೆಗಳ ನಡುವೆ ಸೇತುವೆ ಕಟ್ಟತೊಡಗಿತ್ತು, ಅಂದರೆ ಶಸ್ತ್ರಚಿಕಿತ್ಸೆ ಮಾಡಬೇಕೆಂದಿದ್ದ ಕೆಲಸವನ್ನು ಮೂಳೆ ತಾನೇ ಅರ್ಧ ಮಾಡಿತ್ತು. ಸೊಂಟಪಟ್ಟಿ, ಪಿರ್ರೆ ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮೂರು ತಿಂಗಳಲ್ಲಿ ನೋವು ಕೆಲಸಕ್ಕೆ ಅಡ್ಡಿಯಾಗದ ಮಟ್ಟಕ್ಕೆ ಬಂತು.

ಒಳಕಿವಿಯ ಹಾನಿ ಮರಳಲಿಲ್ಲ, ಮರಳುವ ನಿರೀಕ್ಷೆಯೂ ಇಲ್ಲ. ತಲೆ ಆಡಿಸುತ್ತಾ ಕಣ್ಣನ್ನು ಒಂದೆಡೆ ನೆಡುವ ವ್ಯಾಯಾಮಗಳಿಂದ ಹಗಲಿನ ನಡಿಗೆ ಬಹುತೇಕ ಸರಿಯಾಗಿದೆ, ಏಕೆಂದರೆ ಕಣ್ಣು ಮತ್ತು ಪಾದ ಆ ಕೆಲಸವನ್ನು ಹಂಚಿಕೊಂಡಿವೆ. ಕತ್ತಲು ಕವಿದರೆ ಕಣ್ಣಿನ ಪಾಲು ಇಲ್ಲವಾಗುತ್ತದೆ. ಮಂದೆಯನ್ನು ರೊಪ್ಪಕ್ಕೆ ತರುವ ಮುಸ್ಸಂಜೆಯ ಕೆಲಸವನ್ನು ತಮ್ಮ ವಹಿಸಿಕೊಂಡಿದ್ದಾರೆ, ರೋಗಿ ಟಾರ್ಚ್ ಇಲ್ಲದೆ ರಾತ್ರಿ ಹೊರಗೆ ಹೋಗುವುದಿಲ್ಲ, ಬಾವಿಗೆ ಇಳಿಯುವುದನ್ನು ಬಿಟ್ಟಿದ್ದಾರೆ. ನೀರಿನೊಳಗೆ ಮುಳುಗಿದರೆ ಮೇಲ್ಯಾವುದು ಕೆಳಗ್ಯಾವುದು ತಿಳಿಯದೆ ಹೋಗಬಹುದೆಂದು ನಾವು ಎಚ್ಚರಿಸಿದ್ದೆವು. ಬ್ರೂಸೆಲ್ಲಾ ಮರುಕಳಿಸುವುದು ಹೆಚ್ಚಾಗಿ ಔಷಧ ನಿಲ್ಲಿಸಿದ ಮೊದಲ ವರ್ಷದೊಳಗೆ. ಆ ಅವಧಿ ದಾಟಿದೆ. ಈಗ ಅವರನ್ನು ಆರು ತಿಂಗಳಿಗೊಮ್ಮೆ ಕರೆಸುತ್ತೇವೆ, ತೂಕ ಮತ್ತು ಕ್ರಿಯಾಟಿನಿನ್ ನೋಡುತ್ತೇವೆ, ಅಂಗಿಯ ಜೇಬಿನಲ್ಲಿ ಯಾವ ಮಾತ್ರೆಯಿದೆಯೆಂದು ಕೇಳುತ್ತೇವೆ.